ಸೀಟು ಸಿಕ್ತು, ಬಸ್ಸು?

ಕುವೆಂಪು ವಿಶ್ವವಿದ್ಯಾಲಯ ಅಂದ್ರೆ ಎಲ್ಲರೂ ಶಿವಮೊಗ್ಗ ಅಂತಾರೆ. ಆದ್ರೆ ನೋಡಿ, 1987ರಲ್ಲಿ ಶುರುವಾದ ಈ ವಿವಿಯ ಜ್ಞಾನ ಸಹ್ಯಾದ್ರಿ ಕ್ಯಾಂಪಸ್ ಇರೋದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. ಶಿವಮೊಗ್ಗ ನಗರದಿಂದ ಸುಮಾರು 28 ಕಿಲೋಮೀಟರ್. ಹಾಗಾಗಿ ಎಂ.ಎ., ಎಂ.ಎಸ್ಸಿ.ಗೆ ಸೇರೋರ ಮೊದಲ ಚಿಂತೆ ಸಿಲಬಸ್ ಅಲ್ಲ, ಬಸ್ಸು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆಯ್ತು. ಆದರೆ ಸರ್ಕಾರಿ ಬಸ್ಸಿನಲ್ಲಿ ಮಾತ್ರ! ಮಲೆನಾಡಿನ ರಸ್ತೆಗಳಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸುಗಳದ್ದೇ ದರ್ಬಾರು. ಬೆಳಗಿನ ಕ್ಲಾಸು ತಪ್ಪಬಾರದು ಅಂದ್ರೆ ಮೊದಲು ಬಂದದ್ದನ್ನು ಹತ್ತಬೇಕು, ದುಡ್ಡು ಕೊಡಬೇಕು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಆರಂಭದಲ್ಲಿ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಊಟ, ಬಾಡಿಗೆ ಎಲ್ಲಾ ಅದರಲ್ಲೇ ಆಗಬೇಕಂತೆ, ಇರಲಿ. ಅರ್ಜಿ ಹಾಕೋದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಇಲ್ಲೊಂದು ತೊಡಕಿದೆ. ಹಣ ಬರೋದು ನಿಮ್ಮ ಕೈಲಿರೋ ಪಾಸ್‌ಬುಕ್ ನೋಡಿ ಅಲ್ಲ, ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆಯೋ ಅದಕ್ಕೆ. ಬ್ಯಾಂಕಿನವರು ಕೆವೈಸಿಗೆ ಆಧಾರ್ ನಕಲು ಇಟ್ಟುಕೊಂಡರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಇಂಜಿನಿಯರಿಂಗ್ ಓದಿದ ನನಗೇ ಇದು ತಲೆನೋವಿನ ಭಾಷೆ. ಹಳ್ಳಿಯಿಂದ ಬಂದ ಹುಡುಗಿಗೆ ಯಾರು ಬಿಡಿಸಿ ಹೇಳ್ತಾರೆ? ಆ ಒಂದು ಜೋಡಣೆ ತಪ್ಪಿದರೆ ರೂಮ್ ಬಾಡಿಗೆ ನಿಲ್ಲುತ್ತೆ, ಬಾಡಿಗೆ ನಿಂತರೆ ಓದೂ ನಿಲ್ಲಬಹುದು. ಅರ್ಜಿಗೆ ಮುಂಚೆ ಬ್ಯಾಂಕಿಗೆ ಹೋಗಿ ಇದೊಂದನ್ನು ಕೇಳಿಕೊಂಡು ಬನ್ನಿ.