ಓಡುವ ಮುನ್ನ ಒಂದಿಷ್ಟು ನಡೆಯೋಣ
ಬೆಂಗಳೂರಿನಲ್ಲಿ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ, 240 ಎಕರೆ ವಿಸ್ತಾರದ ಲಾಲ್‌ಬಾಗ್, ಶಿವಮೊಗ್ಗೆಯಲ್ಲಿ ತುಂಗೆಯ ದಡ: ಮುಂಜಾನೆಯ ಓಟಕ್ಕೆ ನಗರವಾಸಿಗಳಿಗೆ ಇವು ದೊರೆತಿರುವುದು ಭಾಗ್ಯವೇ ಸರಿ.

ಆದರೆ ವರ್ಷಗಟ್ಟಲೆ ಕುಳಿತೇ ದುಡಿದವರು ಒಮ್ಮೆಲೇ ಓಟಕ್ಕಿಳಿಯುವುದು ತರವಲ್ಲ. ಉಸಿರು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ಅಂತರವನ್ನು ಅರಿಯದ ಆತುರವೇ ಅನೇಕರ ಮೊಣಕಾಲು ನೋವಿಗೆ ಮೂಲ.

ಆದುದರಿಂದ ಮೊದಲು ನಡಿಗೆ, ನಡುನಡುವೆ ಒಂದು ನಿಮಿಷದ ಓಟ. ಅದೂ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗುವಷ್ಟೇ ವೇಗದಲ್ಲಿ. ಅಭ್ಯಾಸ ಕುದುರಿದ ಮೇಲೆ ವಾರಕ್ಕೆ ಕನಿಷ್ಠ 75 ನಿಮಿಷಗಳ ಬಿರುಸಿನ ವ್ಯಾಯಾಮವಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ.

ಎದೆನೋವು, ತಲೆಸುತ್ತು ಕಂಡೊಡನೆ ಓಟ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಸಂಕೋಚದಿಂದ ಮರೆಮಾಚಿದರೆ ಅದರ ಫಲವನ್ನು ಇಡೀ ಮನೆಯೇ ಉಣ್ಣಬೇಕಾದೀತು.