ಹವಾಸು ಜಲಪಾತ ಚಾರಣ: ಅನುಮತಿ ಕೋರುವವರಿಗೆ ಮಾಹಿತಿ

ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ರಾಜ್ಯದಲ್ಲಿ, ಗ್ರ್ಯಾಂಡ್ ಕ್ಯಾನಿಯನ್‌ಗೆ ಸೇರುವ ಮರುಭೂಮಿ ಕಮರಿಯೊಂದರಲ್ಲಿ ಹವಾಸು ಜಲಪಾತವಿದೆ. ಈ ಪ್ರದೇಶವು ರಾಷ್ಟ್ರೀಯ ಉದ್ಯಾನದ ಆಡಳಿತಕ್ಕೆ ಒಳಪಟ್ಟಿರುವುದಿಲ್ಲ. ಇದು ಹವಾಸುಪೈ ಬುಡಕಟ್ಟಿನವರ ಸ್ವಂತ ಭೂಮಿ. 19ನೆಯ ಶತಮಾನದ ಕೊನೆಯಲ್ಲಿ ಕೇವಲ 518 ಎಕರೆಗೆ ಸೀಮಿತಗೊಂಡಿದ್ದ ಈ ಜನರಿಗೆ 1975ರ ಕಾಯಿದೆಯ ಮೂಲಕ ಸುಮಾರು 1,85,000 ಎಕರೆ ಭೂಮಿ ಮರಳಿ ದೊರೆಯಿತು. ಆದುದರಿಂದ ಉದ್ಯಾನದ ಪ್ರವೇಶ ಚೀಟಿ ಇಲ್ಲಿ ಸಲ್ಲುವುದಿಲ್ಲ. ಅನುಮತಿಯನ್ನು ಬುಡಕಟ್ಟಿನ ಆಡಳಿತದಿಂದಲೇ ಮುಂಚಿತವಾಗಿ ಪಡೆಯತಕ್ಕದ್ದು.

ಬೆಳಿಗ್ಗೆ ಇಳಿದು ಸಂಜೆಗೆ ಮರಳುವ ಒಂದು ದಿನದ ಚಾರಣಕ್ಕೆ ಇಲ್ಲಿ ಅವಕಾಶವಿಲ್ಲ. ಶಿಬಿರದ ಅನುಮತಿಯನ್ನು ಮೂರು ರಾತ್ರಿ, ನಾಲ್ಕು ದಿನಗಳಿಗೆ ನೀಡಲಾಗುತ್ತದೆ. ಅನುಮತಿ ಯಾರ ಹೆಸರಿನಲ್ಲಿದೆಯೋ ಅವರೇ ಭಾವಚಿತ್ರವಿರುವ ಗುರುತಿನ ಪತ್ರದೊಂದಿಗೆ ಹಾಜರಿರಬೇಕು. ಮದ್ಯ, ಡ್ರೋನ್ ಹಾಗೂ ಬೆಂಕಿ ಹಾಕುವುದನ್ನು ನಿಷೇಧಿಸಲಾಗಿದೆ.

ಹುವಾಲಪೈ ಹಿಲ್‌ಟಾಪ್ ಎಂಬಲ್ಲಿ ವಾಹನ ಮಾರ್ಗ ಮುಗಿಯುತ್ತದೆ. ಅಲ್ಲಿ ಕುಡಿಯುವ ನೀರಾಗಲಿ ಇಂಧನವಾಗಲಿ ದೊರೆಯುವುದಿಲ್ಲ. ಅಲ್ಲಿಂದ ಸುಪೈ ಗ್ರಾಮಕ್ಕೆ ಸುಮಾರು 13 ಕಿ.ಮೀ., ಶಿಬಿರಕ್ಕೆ 16 ಕಿ.ಮೀ. ಕಾಲ್ನಡಿಗೆಯ ದಾರಿ. ಈ ಗ್ರಾಮಕ್ಕೆ ಅಂಚೆ ಇಂದಿಗೂ ಹೇಸರಗತ್ತೆಗಳ ಬೆನ್ನ ಮೇಲೆಯೇ ಹೋಗುತ್ತದೆ. ಅವು ಎದುರಾದಾಗ ಚಾರಣಿಗರು ಬಂಡೆಯ ಬದಿಗೆ ಸರಿದು ನಿಲ್ಲಬೇಕು.

ಬೆಳಕು ಹರಿಯುತ್ತಿದ್ದಂತೆಯೇ ಹೊರಡುವುದು ಸೂಕ್ತ. ಆರಂಭದ ಎರಡು ಕಿ.ಮೀ.ನಷ್ಟು ದಾರಿ ಅಂಕುಡೊಂಕಾಗಿ ಕಡಿದಾಗಿ ಇಳಿಯುತ್ತದೆ. ಮುಂದೆ ಒಣ ಹಳ್ಳದ ಪಾತ್ರದಲ್ಲಿ, ಕೆಂಪು ಬಂಡೆಗಳ ನಡುವೆ ನಡಿಗೆ ಸುಲಭ. ಈ ಸುಲಭವೇ ಅನೇಕರನ್ನು ಮೋಸಗೊಳಿಸುತ್ತದೆ. ಬೆಟ್ಟ ಹತ್ತುವ ಚಾರಣದಲ್ಲಿ ದಣಿದವರು ಅರ್ಧದಿಂದಲೇ ಹಿಂದಿರುಗಬಹುದು. ಇಲ್ಲಿಯಾದರೋ ಕಡಿದಾದ ಏರು ಹಿಂದಿರುಗುವ ದಿನದ ಕೊನೆಗೆ, ಬಿಸಿಲಿನಲ್ಲಿ, ನೆರಳಿಲ್ಲದೆಡೆ ಎದುರಾಗುತ್ತದೆ. ಗ್ರಾಮ ತಲಪುವವರೆಗೆ ದಾರಿಯಲ್ಲಿ ನೀರಿಲ್ಲ. ಎರಡೂ ದಿನಗಳಿಗೆ ಬೇಕಾಗುವ ನೀರನ್ನು ಹೊರಡುವ ಮುನ್ನವೇ ತುಂಬಿಕೊಳ್ಳತಕ್ಕದ್ದು.

ಗ್ರಾಮದಿಂದ ಮುಂದೆ ಹೊಳೆಯ ಸದ್ದು ಕೇಳಿಸುತ್ತದೆ. ಸುಮಾರು 100 ಅಡಿ ಎತ್ತರದ ಹವಾಸು ಜಲಪಾತದ ನೀರು ನೀಲಿಹಸಿರು ಬಣ್ಣದ್ದು. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವೇ ಈ ಬಣ್ಣಕ್ಕೆ ಕಾರಣ. ಅದೇ ಅಂಶ ಪದರ ಪದರವಾಗಿ ಕೂತು ಕೊಳಗಳಿಗೆ ಕಟ್ಟೆ ಕಟ್ಟುತ್ತದೆ. ಹವಾಸುಪೈ ಎಂದರೆ ನೀಲಿಹಸಿರು ನೀರಿನ ಜನರು ಎಂದೇ ಅರ್ಥ. ಸುಮಾರು 200 ಅಡಿಯ ಮೂನಿ ಜಲಪಾತದ ಬುಡಕ್ಕೆ ಬಂಡೆಯ ಸುರಂಗ, ಸರಪಳಿ ಹಾಗೂ ಏಣಿಗಳನ್ನು ಹಿಡಿದು ಇಳಿಯಬೇಕು. ಎತ್ತರದ ಭಯವುಳ್ಳವರು ಮೇಲಿನಿಂದಲೇ ನೋಡುವುದು ಲೇಸು.

ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ತಲೆಯ ಮೇಲೆ ಆಕಾಶ ಶುಭ್ರವಾಗಿದ್ದರೂ ದೂರದ ಪ್ರಸ್ಥಭೂಮಿಯಲ್ಲಿ ಸುರಿದ ಮಳೆ ಕಮರಿಗೆ ಹಠಾತ್ತನೆ ನುಗ್ಗಬಹುದು. 2008ರ ಆಗಸ್ಟ್‌ನ ಪ್ರವಾಹದಲ್ಲಿ ಹೊಳೆ ತನ್ನ ಪಾತ್ರವನ್ನೇ ಬದಲಿಸಿ, ನವಾಹೋ ಜಲಪಾತ ಬತ್ತಿಹೋಯಿತು. 2024ರ ಆಗಸ್ಟ್‌ನಲ್ಲಿ ಚಾರಣಿಗರೊಬ್ಬರು ಪ್ರವಾಹದಲ್ಲಿ ಕೊಚ್ಚಿಹೋಗಿ ಮೃತಪಟ್ಟರು. ಸಿಲುಕಿದ್ದ ಅನೇಕರನ್ನು ಹೆಲಿಕಾಪ್ಟರ್ ಮೂಲಕ ಸ್ಥಳಾಂತರಿಸಲಾಯಿತು. ನೀರು ಕೆಂಪಾದರೆ, ಮೇಲ್ಭಾಗದಿಂದ ಗುಡುಗಿನಂತಹ ಸದ್ದು ಬಂದರೆ ಸಾಮಾನುಗಳನ್ನು ಅಲ್ಲಿಯೇ ಬಿಟ್ಟು ಎತ್ತರದ ಸ್ಥಳಕ್ಕೆ ಏರತಕ್ಕದ್ದು.