ಹೊಲದ ಟ್ರಯಲ್, ವಾರ್ಡಿನ ಟ್ರಯಲ್

ರಾಣೇಬೆನ್ನೂರು ಕಡೆಯ ರೈತರಿಗೆ ‘ಟ್ರಯಲ್’ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೀಜದ ಕಂಪನಿಯವರು ಹೊಲದ ಒಂದು ಮೂಲೆ ಕೇಳುತ್ತಾರೆ, ಹಳೆಯ ತಳಿಯ ಮಗ್ಗುಲಲ್ಲೇ ಹೊಸದನ್ನು ಬಿತ್ತಿಸುತ್ತಾರೆ, ಬದುವಿಗೆ ಬೋರ್ಡು ನೆಡುತ್ತಾರೆ. ಹನುಮನಮಟ್ಟಿಯ ಕೃಷಿ ಸಂಶೋಧನಾ ಕೇಂದ್ರದಲ್ಲೂ ಇದೇ ಕೆಲಸ, ಇನ್ನಷ್ಟು ಶಿಸ್ತಿನಿಂದ. ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರ ಕಡ್ಡಿಯೋ ಡಬ್ಬಿಯೋ ಹೈಬ್ರಿಡ್ಡೋ ಎಂದು ತೀರ್ಮಾನಿಸುವ ಮುಂಚೆ ನಾಲ್ಕು ಮಂದಿಯ ಹೊಲ ಸುತ್ತಿ ಬಂದಿರುತ್ತಾನೆ. ಅದೇ ಮನುಷ್ಯನಿಗೆ ದೊಡ್ಡಾಸ್ಪತ್ರೆಯಲ್ಲಿ ಯಾರಾದರೂ ‘ಒಂದು ಟ್ರಯಲ್ ಇದೆ, ನಿಮ್ಮ ತಾಯಿಯನ್ನು ಸೇರಿಸುತ್ತೀರಾ?’ ಎಂದರೆ ಮುಖ ಕಪ್ಪಿಡುತ್ತದೆ. ‘ನಮ್ಮವ್ವ ಏನ್ ಇಲಿ ಏನ್ರೀ, ಆಕಿ ಮ್ಯಾಲೆ ಪ್ರಯೋಗ ಮಾಡಾಕ?’

ಸಿಟ್ಟು ಸಹಜ. ಆದರೆ ಎರಡೂ ಟ್ರಯಲ್‌ಗಳ ಬೇರು ಹೊಲದಲ್ಲೇ ಇದೆ ಎಂಬುದು ತಮಾಷೆಯ ಸತ್ಯ. ಲಂಡನ್ನಿನ ಉತ್ತರಕ್ಕಿರುವ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ 1919ರಲ್ಲಿ ಕೆಲಸಕ್ಕೆ ಸೇರಿದ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞನ ಮುಂದೆ ಇದ್ದದ್ದು ನಮ್ಮ ರೈತರಿಗೂ ಗೊತ್ತಿರುವ ತೊಡಕು. ಹೊಸ ತಳಿಯನ್ನು ಬಾವಿ ಹತ್ತಿರದ ಎರೆಮಣ್ಣಿಗೆ ಹಾಕಿ, ಹಳೆಯದನ್ನು ಬೇವಿನ ನೆರಳಿನ ಸವಳಿಗೆ ಹಾಕಿದರೆ ಗೆದ್ದದ್ದು ಬೀಜವೋ ಮಣ್ಣೋ? ಯಾವ ತಾಕಿಗೆ ಯಾವ ಬೀಜ ಎಂಬುದನ್ನು ಮನುಷ್ಯ ಆರಿಸಲೇಬಾರದು, ಚೀಟಿ ಎತ್ತಿದಂತೆ ತಾನೇ ಬೀಳಬೇಕು ಎಂದ ಫಿಶರ್. ಅದೇ ಉಪಾಯ 1948ರಲ್ಲಿ ಬ್ರಿಟನ್ನಿನ ಕ್ಷಯರೋಗಿಗಳ ವಾರ್ಡಿನಿಂದ ದೊಡ್ಡ ಸುದ್ದಿಯಾಗಿ ಹೊರಬಂತು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಎಲ್ಲರಿಗೂ ಸಾಲುವಷ್ಟಿರಲಿಲ್ಲ. 107 ರೋಗಿಗಳಲ್ಲಿ ಯಾರಿಗೆ ಔಷಧ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ಮುಚ್ಚಿದ ಲಕೋಟೆಯೊಳಗಿನ ಚೀಟಿ ಹೇಳಿತು. ಡಾಕ್ಟರಿಗೆ ಬೇಕಾದವರು, ಗಟ್ಟಿಮುಟ್ಟಾಗಿ ಕಂಡವರು ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ.

ಇಲ್ಲಿಗೆ ಹೊಲದ ಹೋಲಿಕೆ ನಿಲ್ಲಬೇಕು. ತಾಕು ಬರಿದಾದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು.

ಜನರ ಅನುಮಾನಕ್ಕೆ ಆಧಾರವೂ ಇದೆ. ಬೀದರ್, ಕಲಬುರಗಿಗಳಿಗೆ ಹೊಂದಿಕೊಂಡ ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1999ರಿಂದ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಒಂದು ದೊಡ್ಡ ಅಧ್ಯಯನ ನಡೆಯಿತು. ಅದು ಚಿಕಿತ್ಸೆಯದಲ್ಲ, ರೋಗವನ್ನು ಮೊದಲೇ ಪತ್ತೆಹಚ್ಚುವ ದಾರಿಯದು. 1,31,746 ಮಹಿಳೆಯರಿದ್ದ ಹಳ್ಳಿಗಳ 52 ಗುಂಪುಗಳನ್ನು ನಾಲ್ಕು ಪಾಲು ಮಾಡಿ ಮೂರಕ್ಕೆ ಬೇರೆ ಬೇರೆ ತಪಾಸಣೆ, ನಾಲ್ಕನೆಯದಕ್ಕೆ ಎಂದಿನ ವ್ಯವಸ್ಥೆ. ಎಂದಿನ ವ್ಯವಸ್ಥೆ ಎಂದರೆ ತಿಳಿವಳಿಕೆಯ ಮಾತು, ಅಷ್ಟೆ. 2009ರಲ್ಲಿ ಫಲಿತಾಂಶ ಬಂದಾಗ ಎಚ್‌ಪಿವಿ ವೈರಸ್ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ತಪಾಸಣೆ ಇಲ್ಲದ ಗುಂಪಿನಲ್ಲಿ 64. ಜಗತ್ತಿನ ಬಡ ದೇಶಗಳಿಗೆಲ್ಲ ದಾರಿ ತೋರಿದ ಅಂಕಿ ಅದು. ಆ 64 ಮಂದಿಯ ಮನೆಯವರಿಗೆ ಏನು ಹೇಳುವುದು? ತಪಾಸಣೆ ಪ್ರಾಣ ಉಳಿಸುತ್ತದೆಂದು ಬೇರೆ ದೇಶಗಳಲ್ಲಿ ಗೊತ್ತಿದ್ದರೂ ಒಂದು ಗುಂಪನ್ನು ಹಾಗೇ ಬಿಟ್ಟದ್ದು ಸರಿಯೇ ಎಂಬ ಜಗಳ ವೈದ್ಯ ವಲಯದಲ್ಲೇ ಎದ್ದಿತು. ನನಗೂ ಅದು ಸರಿ ಎನಿಸುವುದಿಲ್ಲ.

ಕ್ಯಾನ್ಸರ್ ಚಿಕಿತ್ಸೆಯ ಟ್ರಯಲ್‌ನಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಒಂದು ಗುಂಪಿಗೆ ಈಗ ಇರುವ ಒಳ್ಳೆಯ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಅಥವಾ ಅದರ ಬದಲಿಗೆ ಹೊಸದು. ಚೀಟಿಯಲ್ಲಿ ‘ಹಳೆಯದು’ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ.

ನಮ್ಮ ಹಾವೇರಿ ಜಿಲ್ಲೆಗೆ ತೀರ ಹತ್ತಿರದ ಉದಾಹರಣೆ ಬಾಯಿಯ ಕ್ಯಾನ್ಸರಿನದು. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆ ತೂಗುಹಾಕಿದರು. ಗಿರಾಕಿ ಬಾಯಲ್ಲಿ ಎರಡನ್ನೂ ಕೂಡಿಸಿದ. ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕುವ ಚಟ ಅದಕ್ಕಿಂತ ಹಳೆಯದು. ನಾಲಗೆಯ ಅಂಚಿನ ವಾಸಿಯಾಗದ ಹುಣ್ಣು ಹೊತ್ತುಕೊಂಡು ಜನ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಾರೆ. ಅಲ್ಲಿ ಶಸ್ತ್ರಚಿಕಿತ್ಸಕರು ಬಾಯಿಯ ಗಡ್ಡೆಯ ಜೊತೆಗೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕು ಎಂದಾಗ ಮನೆಯವರು ಕೇಳುವುದು ಒಂದೇ: ‘ಕುತ್ತಿಗ್ಯಾಗ ಏನೂ ಇಲ್ಲಲ್ರೀ, ಅದನ್ಯಾಕ ಕೊಯ್ತೀರಿ?’

ಈ ಪ್ರಶ್ನೆಯನ್ನು ವೈದ್ಯರೂ ಐವತ್ತು ವರ್ಷ ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರು. ಗಂಟು ಕಾಣಿಸಿಕೊಂಡ ಮೇಲೆ ಕೊಯ್ದರಾಯಿತು, ಸುಮ್ಮನೆ ಭುಜ ನೋಯುವಂತೆ ಯಾಕೆ ಮಾಡಬೇಕು ಎಂಬ ವಾದಕ್ಕೂ ಬಲವಿತ್ತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ 2014ರವರೆಗೆ ಆರಂಭದ ಹಂತದ 596 ರೋಗಿಗಳನ್ನು ಚೀಟಿಯ ಮೇಲೆ ಎರಡು ಗುಂಪು ಮಾಡಿದರು. ಮೊದಲ 500 ಮಂದಿಯ ಲೆಕ್ಕ 2015ರಲ್ಲಿ ಹೊರಬಂತು. ಮೊದಲೇ ಕುತ್ತಿಗೆ ಕೊಯ್ಯಿಸಿಕೊಂಡವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಶೇ 80, ಗಂಟು ಬರಲೆಂದು ಕಾದವರಲ್ಲಿ ಶೇ 67.5. ಎಂಟು ಮಂದಿಗೆ ಒಂದು ಜೀವ. ಯಾವ ಔಷಧ ಕಂಪನಿಗೂ ಇದರಿಂದ ಒಂದು ರೂಪಾಯಿ ಲಾಭವಿಲ್ಲ. ಕತ್ತರಿ, ಚಾಕು, ಹತ್ತು ವರ್ಷದ ತಾಳ್ಮೆ, ಅಷ್ಟೆ. ಇಂದು ಬ್ಯಾಡಗಿಯ ಒಬ್ಬ ಹಮಾಲಿ ಅಥವಾ ಲಾರಿ ಚಾಲಕ ಯಾವ ಟ್ರಯಲ್‌ಗೂ ಸೇರದೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರೆ, ಆ 596 ಮಂದಿಯ ಸಹಿಯ ಫಲ ಅವನ ಕುತ್ತಿಗೆಯ ಮೇಲಿದೆ.

ರೋಗ ಮುಂದುವರಿದವರಿಗೂ ಅದೇ ಆಸ್ಪತ್ರೆ ಒಂದು ದಾರಿ ಹುಡುಕಿತು. ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧದ ಬೆಲೆ ಕೇಳಿದರೆ ಎರಡೆಕರೆ ಮಾರಬೇಕು. ಎಂದಿನ ಪ್ರಮಾಣದ ಸುಮಾರು ಶೇ 6ರಷ್ಟು, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟರೆ ಹೇಗೆ ಎಂದು 151 ರೋಗಿಗಳಲ್ಲಿ ನೋಡಿದರು. ಒಂದು ವರ್ಷಕ್ಕೆ ಬದುಕಿದ್ದವರು ಶೇ 16.3ರಿಂದ ಶೇ 43.4ಕ್ಕೆ ಏರಿದರು. ಇಂಥ ಪ್ರಶ್ನೆಯನ್ನು ಔಷಧ ಮಾರುವವರು ಕೇಳುವುದಿಲ್ಲ. ಕಡಿಮೆ ಮಾರಾಟಕ್ಕಾಗಿ ಟ್ರಯಲ್ ಮಾಡುವ ವ್ಯಾಪಾರಿಯನ್ನು ನಾನಂತೂ ಬ್ಯಾಡಗಿ ಪೇಟೆಯಲ್ಲೂ ಕಂಡಿಲ್ಲ.

ಮಕ್ಕಳ ಮಾತು ಬಂದಾಗ ಕೈ ನಡುಗುತ್ತದೆ. ಆದರೆ ಟ್ರಯಲ್‌ನಿಂದ ಹೆಚ್ಚು ಗೆದ್ದವರೇ ಮಕ್ಕಳು. ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮಿನೊಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ಸುಧಾರಣೆ ಕಂಡಿತು ಎಂದು 1948ರಲ್ಲಿ ಪ್ರಕಟಿಸಿದರು. ಆ ಸುಧಾರಣೆ ಕೆಲವೇ ತಿಂಗಳದ್ದು. ಅಲ್ಲಿಂದ ಒಂದರ ಮೇಲೊಂದು ಟ್ರಯಲ್ ಪೇರಿಸುತ್ತ ಬಂದು ಶ್ರೀಮಂತ ದೇಶಗಳಲ್ಲಿ ಇಂದು ಇಂಥ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಗುಣವಾಗುತ್ತವೆ. ನಮ್ಮಲ್ಲಿ 1984ರಿಂದ ಮುಂಬೈ, ದೆಹಲಿ, ಚೆನ್ನೈಗಳ ಮೂರು ಕೇಂದ್ರಗಳು ಎಂಸಿಪಿ-841 ಎಂಬ ಒಂದೇ ಚಿಕಿತ್ಸಾ ಪದ್ಧತಿ ಹಿಡಿದವು. ಈಗ ಐಸಿಕ್ಲ್ ಎಂಬ ಹೆಸರಿನ ಬಳಗದಲ್ಲಿ ಕೋಲ್ಕತ್ತ, ಚಂಡೀಗಢಗಳೂ ಸೇರಿಕೊಂಡಿವೆ. ಅವರು ಹುಡುಕುತ್ತಿರುವುದು ಇನ್ನೂ ಘಾಟು ಮದ್ದನ್ನಲ್ಲ. ಸ್ಟೆರಾಯ್ಡ್ ಕೊಡುವ ದಿನಗಳನ್ನು ಇಳಿಸಿದರೆ ಸೋಂಕಿನಿಂದ ಸಾಯುವ ಮಕ್ಕಳು ಉಳಿದಾವೇ ಎಂಬುದು ಅವರ ಪ್ರಶ್ನೆಗಳಲ್ಲೊಂದು.

ಕಾನೂನು ಈಗ ಮೊದಲಿನಷ್ಟು ಸಡಿಲವಿಲ್ಲ. 2009ರಿಂದ ಪ್ರತಿ ಟ್ರಯಲ್ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಬೇಕು. 2019ರ ನಿಯಮಗಳ ಪ್ರಕಾರ ಟ್ರಯಲ್‌ಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ, ಅದರಲ್ಲಿ ವೈದ್ಯಲೋಕದ ಹೊರಗಿನ ಒಬ್ಬ ಸಾಮಾನ್ಯರೂ ಇರಬೇಕು. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ. ಬೇಡವೆನಿಸಿದಾಗ ಹೊರಬರಬಹುದು, ಎಂದಿನ ಚಿಕಿತ್ಸೆಗೆ ಅಡ್ಡಿಯಿಲ್ಲ. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ನಾನು ನೋಡಿದ ಒಂದು ಪತ್ರ ಕನ್ನಡದಲ್ಲೇನೋ ಇತ್ತು. ಎರಡು ಸಲ ಓದಿದರೂ ಔಷಧ ಚುಚ್ಚುತ್ತಾರೋ ನುಂಗಿಸುತ್ತಾರೋ ತಿಳಿಯಲಿಲ್ಲ. ‘ಯಾದೃಚ್ಛಿಕೀಕರಣ’ ಎಂದು ಬರೆದವರಿಗೆ ‘ಚೀಟಿ ಎತ್ತುವುದು’ ಎಂದು ಬರೆಯಲು ಯಾರು ಬೇಡವೆಂದರು?

ಇನ್ನು ದೂರ. ಅದೇ 2019ರ ನಿಯಮದಲ್ಲಿ ಒಂದು ಸಣ್ಣ ಸಾಲಿದೆ: ಸ್ವಂತ ನೈತಿಕ ಸಮಿತಿಯಿಲ್ಲದ ಆಸ್ಪತ್ರೆ ಬೇರೆ ಸಮಿತಿಯ ಒಪ್ಪಿಗೆ ಪಡೆಯಬಹುದು, ಆದರೆ ಅದು ಅದೇ ಊರಿನದಾಗಿರಬೇಕು ಅಥವಾ 50 ಕಿಲೋಮೀಟರ್ ತ್ರಿಜ್ಯದೊಳಗಿರಬೇಕು. ನಕ್ಷೆ ತೆರೆದು ನೋಡಿ. ರಾಣೇಬೆನ್ನೂರಿಗೆ ದಾವಣಗೆರೆ ಆ ಗೆರೆಯೊಳಗೆ ಬರುತ್ತದೆ. ಹಾವೇರಿಗೆ ಹುಬ್ಬಳ್ಳಿಯೂ ಬರುವುದಿಲ್ಲ, ದಾವಣಗೆರೆಯೂ ಬರುವುದಿಲ್ಲ. ಹೀಗಾಗಿ ಟ್ರಯಲ್ ಎಂದರೆ ನಮ್ಮವರಿಗೆ ರೈಲು ಹತ್ತುವುದೇ. ಮೂರು ವಾರಕ್ಕೊಮ್ಮೆ ಬೆಂಗಳೂರು, ಜೊತೆಗೊಬ್ಬರು, ಇಬ್ಬರ ಕೂಲಿ ಖೋತಾ, ಆಸ್ಪತ್ರೆಯ ಜಗಲಿಯ ಮೇಲೆ ಚಾಪೆ. ಔಷಧ ಪುಕ್ಕಟೆಯಾದರೂ ದಾರಿಯ ಖರ್ಚು ಪುಕ್ಕಟೆಯಲ್ಲ. ಸೇರುವ ಮುಂಚೆ ‘ಬಸ್ ಚಾರ್ಜ್ ಯಾರು ಕೊಡ್ತಾರ್ರೀ?’ ಎಂದು ಕೇಳಲು ನಾಚಬೇಕಾಗಿಲ್ಲ. ಕೆಲವು ಟ್ರಯಲ್‌ಗಳಲ್ಲಿ ಅದಕ್ಕೂ ಹಣವಿರುತ್ತದೆ, ಕೇಳದಿದ್ದರೆ ಹೇಳುವವರು ಕಡಿಮೆ.

ಮಗುವನ್ನೂ ಕೇಳಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ. ತಂದೆತಾಯಿಯ ಸಹಿಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆ, ಹನ್ನೆರಡು ದಾಟಿದರೆ ಬರವಣಿಗೆಯಲ್ಲಿ. ಮದುವೆಗೆ ಮಗಳನ್ನೇ ಕೇಳದ ಮನೆಗಳಿರುವ ಊರಲ್ಲಿ, ಕೂದಲು ಉದುರಿದ ಎಂಟು ವರ್ಷದ ಹುಡುಗಿಯ ಹಾಸಿಗೆಯ ಅಂಚಿಗೆ ಕುಳಿತು ಡಾಕ್ಟರು ‘ಏನವ್ವಾ, ನಿನಗ ಒಪ್ಪಿಗಿ ಐತೇನು?’ ಎಂದು ಕೇಳಿ, ಅವಳು ಬಾಯಿ ಬಿಡುವವರೆಗೆ ಕಾಯಬೇಕು.